ಬಣ್ಣ ಒರೆಸಿದ ಮೇಲೆ

ನನ್ನ ಸೊಸೆ ಮದುವಣಗಿತ್ತಿಯರಿಗೆ ಮೇಕಪ್ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಪಾರ್ಲರ್. ಕ್ಯಾಮೆರಾ ಎಂದರೆ ಸಾಕು, ಕೈ ತಾನಾಗಿ ಬಣ್ಣದ ಡಬ್ಬಿಯ ಕಡೆ ಹೋಗುತ್ತದೆ. ಫೋನಿನಲ್ಲಿ ಡಾಕ್ಟರಿಗೆ ಮುಖ ತೋರಿಸಬೇಕಾದಾಗಲೂ ಹಾಗೇ ಆಯಿತು. ನೆಗಡಿ, ಕೆಮ್ಮು, ಮೈ ಮುಟ್ಟಿದರೆ ಕೆಂಡ. ಆದರೂ ಕನ್ನಡಿಯ ಮುಂದೆ ಕೂತು ಕೆನ್ನೆಗೆ ರಂಗು, ತುಟಿಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು, ಗಿರಾಕಿಗಳ ಫೋಟೊಗೆಂದು ಇಟ್ಟ ದುಂಡು ದೀಪವನ್ನೂ ಹೊತ್ತಿಸಿಕೊಂಡಳು. ಡಾಕ್ಟರ್ ನೋಡುವುದು ಗಂಟಲನ್ನು, ಗಲ್ಲವನ್ನಲ್ಲ ಎಂದು ಕೊಂಕು ನುಡಿದೆ. ಕೇಳಿಸಿದರೂ ಕೇಳಿಸದ ಹಾಗಿದ್ದಳು. ನನಗೂ ಅವಳಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಪರದೆಯ ಮೇಲೆ ಬಂದ ಡಾಕ್ಟರಮ್ಮ ತಾಳ್ಮೆಯವರು. ಗಂಟಲು ನೋಡಿದರು, ಉಸಿರಿಗೆ ಕಷ್ಟವಾಗುತ್ತಿದೆಯೇ ಎಂದು ಕೇಳಿದರು. ಇಲ್ಲವೆಂದು ಸೊಸೆ ನಕ್ಕಳು. ಮುಖದಲ್ಲಿ ಕಳೆಯಿದೆ, ಫ್ಲೂ ಇರಬಹುದು ಎಂದು ಜ್ವರದ ಮಾತ್ರೆ ಬರೆದುಕೊಟ್ಟರು. ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ ಕೂಡಲೇ ಕರೆ ಮಾಡಿ ಎಂದೂ ಹೇಳಿದರು. ಲಾರಿ ಓಡಿಸುವ ನನ್ನ ಮಗನಿಗೆ ಸೊಸೆಯೇ ಫೋನ್ ಮಾಡಿ ಬರೀ ನೆಗಡಿ ಎಂದಳು. ನನಗೂ ಎದೆ ಹಗುರಾಯಿತು.

ಮಧ್ಯಾಹ್ನ ಬಿಸಿನೀರು ಕೊಡಲು ಹೋದರೆ ಅವಳು ಮಲಗಿರಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಕೈ ಊರಿ, ಉಸಿರಿಗಾಗಿ ಹೆಣಗುತ್ತಿದ್ದಳು. ಅವಳ ಫೋನಿನಿಂದಲೇ ಡಾಕ್ಟರಿಗೆ ಕರೆ ಮಾಡಿದೆ. ಸರದಿ ಬರುವವರೆಗೆ ಕಾಯಿರಿ ಎಂದು ಅದು ಹೇಳಿದ್ದನ್ನೇ ಹೇಳುತ್ತಿತ್ತು. ಕಾಯುತ್ತಲೇ ಅವಳ ತುಟಿ ನೋಡಿದೆ, ಕೆಂಪಗಿತ್ತು. ಉಗುರು ನೋಡಿದೆ, ಅದೂ ಕೆಂಪು. ಸದ್ಯ, ನೀಲಿಯಲ್ಲವಲ್ಲ ಎಂದುಕೊಂಡೆ. ಮರುಕ್ಷಣ ಹೊಳೆಯಿತು. ಆ ಕೆಂಪು ಅವಳದಲ್ಲ, ಡಬ್ಬಿಯದು.

ಒದ್ದೆ ಟವೆಲ್ ತಂದೆ. ಮುಖ ತಿರುಗಿಸಿಕೊಂಡಳು.

"ಬೇಡ ಅತ್ತೆ... ಡಾಕ್ಟರ್... ನೋಡ್ತಾರೆ."

"ನೋಡ್ಲಿ ಅಂತಾನೇ ಒರೆಸ್ತಿರೋದು. ಈ ಕಡೆ ತಿರುಗು."

ಗದ್ದ ಹಿಡಿದು, ಅವಳು ಕೊಸರಿದರೂ ಬಿಡದೆ ಉಜ್ಜಿದೆ. ಬಣ್ಣದ ಕೆಳಗೆ ತುಟಿ ನೇರಳೆಗಟ್ಟಿತ್ತು. ಈ ಹುಡುಗಿ ಕೈತಪ್ಪಿ ಹೋದರೆ ನಾನು ಜಗಳವಾಡುವುದು ಯಾರ ಜೊತೆ ಎಂದು ಹೆದರಿದೆ. ಅವಳ ಮೇಲೆ ನನಗೆ ಅಷ್ಟು ಪ್ರೀತಿಯಿದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಪರದೆಯ ಮೇಲೆ ಬಂದರು. ಕಿಟಕಿಯ ಪರದೆ ಸರಿಸಿ, ಆ ಬೆಳಕಿಗೆ ಸೊಸೆಯ ಮುಖ ತಿರುಗಿಸಿ ತೋರಿಸಿದೆ. ಅವರು ಕ್ಯಾಮೆರಾದ ಹತ್ತಿರಕ್ಕೆ ಬಾಗಿದರು.

"ಬೆಳಗ್ಗೆ ನನಗಿದು ಕಾಣ್ಲೇ ಇಲ್ಲಮ್ಮ. ಈಗ್ಲೇ ಆಂಬುಲೆನ್ಸ್ ಕರೀರಿ. ಮಲಗಿಸ್ಬೇಡಿ, ಕೂತೇ ಇರ್ಲಿ."

ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿ ಅವಳನ್ನು ಒಳಗೆ ಕರೆದೊಯ್ದರು. ನಾನು ಅವಳ ಫೋನ್ ಹಿಡಿದು ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ವಾರ್ಡಿನ ಡಾಕ್ಟರ್ ಬಂದು, ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ, ಉಸಿರಾಟಕ್ಕೆ ಗಂಟಲಿಗೆ ಟ್ಯೂಬ್ ಹಾಕಬೇಕಾಗಿದೆ, ಈಗಲೇ ಏನೂ ಹೇಳಲಾಗದು ಎಂದು ಮತ್ತೆ ಒಳಗೆ ಹೋದರು.

ಕೈಯಲ್ಲಿದ್ದ ಫೋನ್ ಅದುರಿತು. ಮಗ. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದ.

"ಏನೇ, ಮೂಗು ಸುರಿಯೋದು ನಿಂತ್ತಾ? ಅಮ್ಮ ಗೊಣಗ್ತಿದ್ರೆ ಕಿವಿಗೆ ಹತ್ತಿ ಇಟ್ಕೊಂಡು ಮಲಕ್ಕೋ. ಸಂಜೆ ಬಂದ್ಬಿಡ್ತೀನಿ."

ಫೋನ್ ಎತ್ತಿದ್ದು ಅವಳೇ ಎಂದುಕೊಂಡು ಅವನು ಇನ್ನೂ ನಗುತ್ತಿದ್ದ. ಹಿಂದೆ ಲಾರಿಯ ಸದ್ದು ಕೇಳುತ್ತಿತ್ತು.

"ಮೊದ್ಲು ಗಾಡಿ ಪಕ್ಕಕ್ಕೆ ನಿಲ್ಸಪ್ಪ," ಎಂದೆ.