ಅಕ್ಕ ಹೊರಗಿದ್ದಾಗ ಆದ ಗೋಲು

ಸೋಲುವುದಕ್ಕೂ ಒಂದು ಮರ್ಯಾದೆ ಅಂತ ಇರುತ್ತದೆ. ನಮ್ಮ ತಂಡ ಅದನ್ನೂ ಬಿಟ್ಟಿದೆ. ತೊಂಬತ್ತು ನಿಮಿಷ ಸೊನ್ನೆ-ಸೊನ್ನೆಯಲ್ಲಿ ಹೇಗೋ ಎಳೆದುಕೊಂಡು ಬಂದರು. ರೆಫರಿ ಇನ್ನೇನು ಕೊನೆಯ ಸೀಟಿ ಊದಬೇಕು, ಆಗ ಒಂದು ಕಾರ್ನರ್ ಕೊಟ್ಟರು. ಎದುರು ತಂಡದಲ್ಲಿ ಎಲ್ಲರಿಗಿಂತ ಎತ್ತರದವನೊಬ್ಬನಿದ್ದಾನೆ, ಅವನನ್ನು ಕಾಯಬೇಕು ಅಂತ ನಮ್ಮ ಹನ್ನೊಂದು ಜನರಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ. ಅವನು ಹಾರಲೂ ಇಲ್ಲ. ಕ್ಯೂನಲ್ಲಿ ನಿಂತವನ ಹಾಗೆ ನಿಂತಲ್ಲೇ ನಿಂತು, ಬಂದ ಚೆಂಡಿಗೆ ಹಣೆ ಕೊಟ್ಟ. ನಮ್ಮ ಗೋಲ್‌ಕೀಪರನ್ನು ನಾವು ಬೆಣ್ಣೆಕೈ ಅಂತಲೇ ಕರೆಯುವುದು. ಅವನು ಚೆಂಡನ್ನು ಮುಟ್ಟಿದ ಕೂಡ. ಮುಟ್ಟಿ ಒಳಗೇ ಕಳಿಸಿದ.

ಸೀಸನ್ ಶುರುವಾಗಿ ಇದು ಆರನೇ ಪಂದ್ಯ. ನಾಲ್ಕು ಸೋತು, ಒಂದು ಡ್ರಾ ಮಾಡಿ, ಒಂದೇ ಒಂದು ಗೆದ್ದಿದ್ದೇವೆ. ಪಟ್ಟಿಯಲ್ಲಿ ನಮ್ಮ ಕೆಳಗೆ ಇದ್ದದ್ದು ಒಂದೇ ತಂಡ. ಇವತ್ತು ನಮ್ಮನ್ನು ಸೋಲಿಸಿ ಅದೂ ಮೇಲೆ ಹೋಯಿತು. ಸೀಸನ್ ಇನ್ನೂ ಬಹಳ ಇದೆ ಅಂತ ಟಿವಿಯಲ್ಲಿ ಟೈ ಕಟ್ಟಿಕೊಂಡು ಕೂತವರು ಸಮಾಧಾನ ಹೇಳುತ್ತಾರೆ. ಬಹಳ ಇದೆ ಅನ್ನುವುದೇ ನನ್ನ ಸಂಕಟ. ಕೋಚ್ ಮಹಾಶಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪರೀಕ್ಷೆಯ ಕೋಣೆಯಲ್ಲಿ ಓಡಾಡುವವರ ಹಾಗೆ ಗೆರೆಯ ಪಕ್ಕ ಓಡಾಡುತ್ತಾನೆ. ಅದಕ್ಕೇ ಅವನು ಮೇಷ್ಟ್ರು. ಎಡಗಡೆಯ ಡಿಫೆಂಡರ್‌ಗೆ ಪ್ರವಾಸಿ ಅಂತ ಹೆಸರು. ಮುಂದಕ್ಕೆ ಓಡಿದರೆ ಊರೆಲ್ಲ ನೋಡಿಕೊಂಡೇ ವಾಪಸ್ಸು ಬರುವುದು.

ಇವರಿಗೆಲ್ಲ ನಾನು ಹಿಡಿಶಾಪ ಹಾಕಬೇಕಿತ್ತು. ಹಾಕಲಿಲ್ಲ. ಚೆಂಡು ಬಲೆಗೆ ಬಿದ್ದ ಆ ಕ್ಷಣದಲ್ಲಿ ನಾನು ಮಾಡಿದ್ದೇ ಬೇರೆ. ತಿರುಗಿ ಮನೆಯ ಬಾಗಿಲಿನ ಕಡೆ ನೋಡಿದೆ.

ನನ್ನ ಬಾಮೈದನೂ ನೋಡಿದ. ಹೆಂಡತಿಯ ತಮ್ಮ. ಪಂದ್ಯ ಇದ್ದ ದಿನ ನಮ್ಮ ಮನೆಯಲ್ಲೇ ಬಿದ್ದಿರುತ್ತಾನೆ, ಅವನ ಮನೆಯ ಟಿವಿ ಚಿಕ್ಕದಂತೆ.

"ಅಕ್ಕ ಬಂದ್ರಾ?" ಅಂದ.

ಬಾಗಿಲು ಮುಚ್ಚಿತ್ತು. ಅವನು ಕೇಳಿದ್ದು ನನ್ನ ಅಕ್ಕನನ್ನು, ಅವಳು ಬಂದಿರಲಿಲ್ಲ. ಪಂದ್ಯ ಶುರುವಾಗುವ ಮೊದಲೇ, ಯಾರೂ ಹೇಳದೆ, ಸ್ವೆಟರ್ ಹಾಕಿಕೊಂಡು "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಅಂತ ಹೊರಟಿದ್ದಳು. ಗಾಳಿಗೇನೂ ಬರ ಇರಲಿಲ್ಲ. ಕಿಟಕಿಯ ಗಾಜು ಆಗಿನಿಂದ ಅಲುಗಾಡುತ್ತಲೇ ಇತ್ತು.

ನನ್ನ ಹೆಂಡತಿಗೆ ಈಗ ಏಳು ತಿಂಗಳು. ಸೋಫಾದಲ್ಲಿ ಕೂತು ಊದಿದ ಪಾದಗಳನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದಳು. ಫುಟ್‌ಬಾಲ್ ಅಂದರೆ ಅವಳಿಗೆ ಅಷ್ಟಕ್ಕಷ್ಟೇ. ಆದರೆ ನಮ್ಮಿಬ್ಬರ ಕತ್ತು ಒಟ್ಟಿಗೆ ತಿರುಗಿದ್ದನ್ನು ನೋಡಿದಳು.

"ಬಾಗಿಲು ಯಾಕೆ ನೋಡಿದ್ರಿ ಇಬ್ರೂ?" ಅಂದಳು.

ನಾನು ರಿಮೋಟ್ ಎತ್ತಿಕೊಂಡು ಟಿವಿಯ ಸದ್ದು ತಗ್ಗಿಸಿದೆ.

"ಅಕ್ಕನ್ನ ಹೊರಗೆ ಕಳಿಸಿಯೂ ಸೋತ್ರಲ್ಲ. ಮುಂದಿನ ಸಲ ಯಾರನ್ನ ಕಳಿಸ್ತೀರಿ, ನನ್ನನ್ನಾ?"

ಬಾಮೈದ ಕಡಲೆಕಾಯಿ ಸಿಪ್ಪೆ ಗುಡ್ಡೆ ಮಾಡುವ ಕೆಲಸಕ್ಕೆ ಬಿದ್ದ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನಾನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಊಟ, ಸ್ನಾನ, ಮಗ್ಗಿ, ಎಲ್ಲ ಅವಳದ್ದೇ. ಫುಟ್‌ಬಾಲೂ ಅವಳದ್ದೇ. ಮೈದಾನದ ಗೋಡೆಯಾಚೆ ಕಾಣಲಿ ಅಂತ ನನ್ನನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದಳು. ಅವಳಿಗೆ ಆಟ ಕಾಣುತ್ತಿರಲಿಲ್ಲ. "ಈಗ ಏನಾಯ್ತು, ಚೆಂಡು ಯಾರ ಹತ್ರ" ಅಂತ ಕೆಳಗಿಂದ ಕೇಳುತ್ತಿದ್ದಳು. ಆಫ್‌ಸೈಡ್ ಅಂದರೇನು ಅಂತ ಮನೆಯ ಚಪ್ಪಲಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು ಹೇಳಿಕೊಟ್ಟವಳು ಅವಳು. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಈ ತಂಡದ ಅಸಲಿ ಅಭಿಮಾನಿ ಅಕ್ಕ. ನಾನು ಅವಳಿಂದ ಹತ್ತಿಸಿಕೊಂಡವನು.

ನಾಲ್ಕು ವರ್ಷದ ಹಿಂದೆ ಭಾವ ತೀರಿಕೊಂಡರು. ಅವರ ಮನೆಯವರು ಅಕ್ಕನ ಕಾಲ್ಗುಣ ಸರಿಯಿಲ್ಲ ಅಂದರು. ಮೊದಲು ಗೋಡೆಯ ಆಚೆ ಅಂದರು, ಆಮೇಲೆ ಎದುರಿಗೇ ಅಂದರು. ನಾನು ಹೋಗಿ ಜಗಳ ಮಾಡಿ ಕರೆದುಕೊಂಡು ಬಂದೆ. ಈಗ ಒಂದು ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಾಳೆ. ಅಲ್ಲಿಯ ಹಬೆಗೆ ಅವಳ ಬೆರಳ ತುದಿಗಳು ಯಾವಾಗಲೂ ಕೆಂಪು.

ಹೋದ ವರ್ಷ ನಮ್ಮದೊಂದು ಮಗು ಹೊಟ್ಟೆಯಲ್ಲಿದ್ದಾಗಲೇ, ಐದನೇ ತಿಂಗಳಿಗೆ ಹೋಯಿತು. ಆಗ ನನ್ನ ಹೆಂಡತಿಯನ್ನು ಎತ್ತಿ ಕೂರಿಸಿದವಳು, ತಲೆ ಬಾಚಿದವಳು, ಅವಳ ಮಂಚದ ಪಕ್ಕ ನೆಲದ ಮೇಲೆ ವಾರಗಟ್ಟಲೆ ಮಲಗಿದವಳು ಅಕ್ಕ. ಅದಕ್ಕೇ ಈ ಸಲ ಹೆಂಡತಿಯದು ಒಂದೇ ಮಾತು: ಯಾರು ಇರಲಿ ಬಿಡಲಿ, ಅಕ್ಕ ನನ್ನ ಪಕ್ಕದಲ್ಲಿರಬೇಕು. ಅಕ್ಕ ಲಾಂಡ್ರಿಯಲ್ಲಿ ರಜೆ ಕೇಳಿಟ್ಟಿದ್ದಳು. ಹೆಂಡತಿಗೆ ರಾತ್ರಿ ನಿದ್ದೆ ಬರುತ್ತಿದ್ದದ್ದೇ ಆ ಧೈರ್ಯದ ಮೇಲೆ.

ಇಂಥ ಅಕ್ಕನನ್ನು ನಾವು ಮನೆಯಿಂದ ಹೊರಗೆ ಕಳಿಸಿದೆವು. ತಮಾಷೆಗೆ ಅಂತ ಶುರುವಾದದ್ದು. ಮೊದಲನೇ ಪಂದ್ಯದಲ್ಲಿ ಎರಡು ಗೋಲು ಮುಂದಿದ್ದೆವು. ಅಕ್ಕ ಕೆಲಸ ಮುಗಿಸಿ ಬಂದು ಚೀಲ ಕೆಳಗಿಟ್ಟು ಕೂತಳು. ನೋಡುನೋಡುತ್ತ ಮೂರು ಗೋಲು ತಿಂದರು. "ಅಕ್ಕಾ, ನೀವು ಒಳಗೆ ಕಾಲಿಟ್ಟಿದ್ದೇ ತಡ ನೋಡಿ" ಅಂದ ಬಾಮೈದ. ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು. ಎರಡನೇ ಪಂದ್ಯದ ಹೊತ್ತಿಗೆ ಅವಳು ಕೆಲಸದಲ್ಲಿದ್ದಳು, ಗೆದ್ದೆವು. ಮೂರನೆಯದರಲ್ಲಿ ಟೀ ಲೋಟ ಇಡಲು ಬಂದಳು, ಅವಳು ಬಗ್ಗಿದ್ದಾಗಲೇ ಎದುರಿನವರಿಗೆ ಪೆನಾಲ್ಟಿ, ಸೋತೆವು. ನಾಲ್ಕನೇ ಪಂದ್ಯಕ್ಕೆ ತಾನಾಗಿಯೇ ಮೆಟ್ಟಿಲ ಮೇಲೆ ಹೋಗಿ ಕೂತಳು, ಡ್ರಾ ಆಯಿತು. ಐದನೆಯದಕ್ಕೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು, ಮೊದಲರ್ಧದಲ್ಲೇ ಗೋಲು ತಿಂದು ಸೋತು ಸುಣ್ಣವಾದೆವು. ಅರ್ಧ ಪಂದ್ಯ ಆದಾಗ "ಅಡುಗೆಮನೆಯೂ ಮನೆಯೊಳಗೇ ಅಲ್ವಾ" ಅಂತ ಬಾಮೈದ ಗೊಣಗಿದ. ಅವನ ಬಾಯಿ ಮುಚ್ಚಿಸಬೇಕಾದ ನಾನು ಎದ್ದು ಹೋಗಿ, "ಅಕ್ಕಾ, ಔಷಧಿ ಅಂಗಡಿಗೊಂದು ಸಲ ಹೋಗಿ ಬರ್ತೀಯಾ" ಅಂದೆ. ಯಾವ ಔಷಧಿ ಅಂತ ಅವಳು ಕೇಳಲಿಲ್ಲ.

ನಾನು ಮಾಡುವ ಕೆಲಸ ಲಿಫ್ಟ್ ರಿಪೇರಿ. ಅದೇ ವಾರ ಒಂದು ಕಟ್ಟಡದಿಂದ ದೂರು ಬಂದಿತ್ತು. ಐದನೇ ಮಹಡಿಯ ಅಜ್ಜಿ ಹತ್ತಿದರೆ ಲಿಫ್ಟ್ ನಿಂತುಬಿಡುತ್ತದಂತೆ, ಬೇರೆಯವರು ಹತ್ತಿದರೆ ಏನೂ ಇಲ್ಲವಂತೆ. ಅಜ್ಜಿಯ ಜೊತೆ ಹತ್ತಲು ಜನ ಹಿಂದೆಗೆಯುತ್ತಿದ್ದರು. ನಾನು ಕೂತು ನೋಡಿದೆ. ಅಜ್ಜಿ ಕೋಲು ಊರಿಕೊಂಡು ನಿಧಾನ ಬರುತ್ತಾಳೆ. ಬಾಗಿಲು ಮುಚ್ಚಲು ಹೋಗಿ ಮತ್ತೆ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಬಾಗಿಲಿನ ಸ್ವಿಚ್ಚು ಸವೆದಿತ್ತು, ಹಾಗೆ ಎರಡೆರಡು ಸಲ ಮುಚ್ಚಿದರೆ ಕೈಕೊಡುತ್ತಿತ್ತು, ಅಷ್ಟೇ. ಬದಲಾಯಿಸಿದೆ. "ವಯಸ್ಸಾದವರ ಮೇಲೆ ಅಪವಾದ ಹೊರಿಸೋಕೆ ನಾಚಿಕೆ ಆಗಲ್ವಾ" ಅಂತ ಅಲ್ಲಿದ್ದವರಿಗೆ ಬೈದು ಬಂದೆ. ಬೈದು ಬಂದವನು ಮನೆಯಲ್ಲಿ ಮಾಡಿದ್ದು ಇದು.

ಟಿವಿ ಆರಿಸಿ ಅಕ್ಕನನ್ನು ಹುಡುಕಿಕೊಂಡು ಇಳಿದೆ. ನಿಜ ಹೇಳಬೇಕೆಂದರೆ ಮೆಟ್ಟಿಲು ಇಳಿಯುವಾಗ ಮನಸ್ಸು ಹಗುರಾಗಿತ್ತು. ಈ ತಂಡ ಸೋತದ್ದಕ್ಕೆ ಬದುಕಿನಲ್ಲಿ ಮೊದಲ ಸಲ ಖುಷಿಪಟ್ಟೆ. ಅಕ್ಕ ಹೊರಗಿದ್ದಳು, ಆದರೂ ಸೋತೆವು. ಇದಕ್ಕಿಂತ ಸಾಕ್ಷಿ ಬೇಕಾ? ಅವಳಿಗೆ ಹೇಳಿ, ಕಿವಿ ಹಿಂಡಿಸಿಕೊಂಡು, ವಾಪಸ್ಸು ಕರೆತರುವುದು, ಮುಂದಿನ ಪಂದ್ಯಕ್ಕೆ ಸೋಫಾದ ನಡುವೆ ಕೂರಿಸುವುದು, ಬಾಮೈದನನ್ನು ಬೇಕಾದರೆ ಬಚ್ಚಲಲ್ಲಿ ಕೂರಿಸುವುದು ಅಂತೆಲ್ಲ ಲೆಕ್ಕ ಹಾಕಿಕೊಂಡೆ. ಔಷಧಿ ಅಂಗಡಿಯ ಹತ್ತಿರ ಅವಳಿರಲಿಲ್ಲ. ಮುಂದಿನ ತಿರುವಿನಾಚೆ ಬಸ್ ನಿಲ್ದಾಣದ ತಗಡಿನ ಬೆಂಚಿನ ಮೇಲೆ ಕೂತಿದ್ದಳು. ಕೈಗಳನ್ನು ಸ್ವೆಟರಿನ ತೋಳಿನೊಳಕ್ಕೆ ಎಳೆದುಕೊಂಡಿದ್ದಳು. ಮೂಗು ಕೆಂಪಾಗಿತ್ತು.

"ಅಕ್ಕಾ, ಸೋತ್ವಿ," ಅಂದೆ, ಮದುವೆ ಗೊತ್ತಾದ ಸುದ್ದಿ ಹೇಳುವವನ ದನಿಯಲ್ಲಿ.

"ಗೊತ್ತು," ಅಂದಳು.

ಆ ಮಾತು ನನ್ನ ತಲೆಗೆ ಹೋಗಲೇ ಇಲ್ಲ. "ನೀನು ಮನೇಲಿರಲಿಲ್ಲ, ಆದ್ರೂ ಸೋತ್ವಿ. ಅಂದ್ರೆ ನಿಂದೇನೂ ಇಲ್ಲ, ಆ ದರಿದ್ರದವರು ಯಾರು ನೋಡಿದ್ರೂ ಸೋಲ್ತಾರೆ. ನಾವಿಬ್ರೂ ಕತ್ತೆಗಳು. ಏಳು, ಮನೆಗೆ ಹೋಗೋಣ."

ಅಕ್ಕ ಏಳಲಿಲ್ಲ. "ನಾನು ನೋಡ್ಬಿಟ್ಟೆ ಕಣೋ," ಅಂದಳು.

"ಏನನ್ನ?"

"ಮ್ಯಾಚನ್ನ. ಅಲ್ಲಿ ಟಿವಿ ಅಂಗಡಿಯವರು ಗಾಜಿನೊಳಗೆ ಹಾಕಿದ್ರು. ಇಷ್ಟು ಹೊತ್ತೂ ಆ ಕಡೆ ಮುಖ ಮಾಡಿರಲಿಲ್ಲ. ಮುಗಿದಿರುತ್ತೆ, ಇನ್ನೇನಾಗುತ್ತೆ ಅಂದ್ಕೊಂಡು ಒಂದೇ ಒಂದು ಸಲ ತಲೆ ಎತ್ತಿದೆ. ಕಾರ್ನರ್ ಹೊಡೀತಿದ್ರು." ಸ್ವೆಟರಿನ ತೋಳಿಗೆ ಮೂಗು ಒರೆಸಿಕೊಂಡು, "ಬೇಜಾರು ಮಾಡ್ಕೋಬೇಡ," ಅಂದಳು.

ಅವಳು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು. ನಾನು ಪೆಚ್ಚಾಗಿ ನಕ್ಕೆ. ಗೋಲು ಆದದ್ದು ಪ್ರವಾಸಿಯಿಂದ, ಅವನು ಆ ಉದ್ದನೆಯವನನ್ನು ಬಿಟ್ಟು ಎಲ್ಲೋ ಅಲೆಯುತ್ತಿದ್ದ ಅಂತ ವಾದಕ್ಕೆ ನಿಂತೆ.

"ಅವನ ತಪ್ಪಲ್ಲ," ಅಂದಳು ಅಕ್ಕ. "ಗೋಲಿನ ಮೊದಲನೇ ಕಂಬದ ಹತ್ರ ಇಬ್ಬರನ್ನ ನಿಲ್ಲಿಸಿದ್ರು, ಅಲ್ಲಿ ಒಬ್ಬ ಸಾಕಿತ್ತು. ಚೆಂಡು ಒದೆಯೋಕೆ ಮುಂಚೆನೇ ಗೊತ್ತಾಯ್ತು ನನಗೆ, ಆ ಉದ್ದದವನು ಒಬ್ಬನೇ ನಿಂತಿದ್ದಾನೆ ಅಂತ."

"ಮತ್ತೆ? ನಿನಗೇ ಎಲ್ಲ ಗೊತ್ತಲ್ಲ."

"ಗೊತ್ತು. ಆದ್ರೂ ನಾನು ನೋಡಬಾರದಿತ್ತು."

ಆಮೇಲೆ ಅವಳು ಹೇಳಿದ್ದನ್ನು ನಾಲ್ಕು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಭಾವ ಆಸ್ಪತ್ರೆಯಲ್ಲಿದ್ದಾಗ ಅತ್ತೆ ಅವಳನ್ನು ಕೋಣೆಯೊಳಗೆ ಬಿಡುತ್ತಿರಲಿಲ್ಲವಂತೆ. ಹೊರಗಿನ ಬೆಂಚಿನಲ್ಲೇ ಕೂರಿಸಿದ್ದರಂತೆ. "ಅವರು ಮುಖ ತೊಳೆಯೋಕೆ ಅಂತ ಎದ್ದು ಹೋದಾಗ ಒಳಗೆ ಹೋದೆ. ಬರೀ ಮುಖ ನೋಡಿ ಬರೋಣ ಅಂತ. ಕೈ ಹಿಡ್ಕೊಂಡೆ, ಅಷ್ಟೇ. ಆ ಮೆಷಿನ್ನು ಕೂಗಿಕೊಳ್ತು." ಅವಳು ಅಳುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಮಡಿಸುವವಳ ಹಾಗೆ ಒಂದೊಂದೇ ಮಾತನ್ನು ಎತ್ತಿ ಇಡುತ್ತಿದ್ದಳು. "ಅದೆಲ್ಲ ಸುಳ್ಳು, ಜನ ಏನೋ ಹೇಳ್ತಾರೆ ಅಂತ ನನಗೆ ನಾನೇ ಹೇಳ್ಕೊಂಡು ಬಂದೆ. ನಿಮ್ಮ ಮನೇಲಿದ್ದು ಇದ್ದು ಹೆಚ್ಚುಕಮ್ಮಿ ನಂಬಿಯೂ ಬಿಟ್ಟಿದ್ದೆ."

ನನಗೆ ನನ್ನ ಮೇಲೆ ಅಸಹ್ಯವಾಯಿತು. ಆ ಮನೆಯವರ ಜೊತೆ ಕೈ ಕೈ ಮಿಲಾಯಿಸುವ ತನಕ ಹೋಗಿ ಕರೆದುಕೊಂಡು ಬಂದವನು ನಾನೇ. ಅವರು ಬಿಟ್ಟ ಮಾತನ್ನೇ ಕಡಲೆಕಾಯಿ ತಿನ್ನುತ್ತ, ನಗುತ್ತ, ಅವಳ ಮುಂದೆ ಮತ್ತೆ ಎತ್ತಿ ಇಟ್ಟವನೂ ನಾನೇ. ಅವರಿಗಾದರೂ ಮಗನನ್ನು ಕಳೆದುಕೊಂಡ ಸಂಕಟವಿತ್ತು. ನನಗೆ ಹೋದದ್ದು ಮೂರು ಅಂಕ.

"ಲಾಂಡ್ರಿ ಮೇಲ್ವಿಚಾರಕಿ ಹತ್ರ ಮಾತಾಡಿದೀನಿ," ಅಂದಳು ಅಕ್ಕ. "ಕೆಲಸದವರ ಕೋಣೇಲಿ ಒಂದು ಮಂಚ ಖಾಲಿ ಇದೆಯಂತೆ. ಸೋಮವಾರದಿಂದ ಅಲ್ಲಿರ್ತೀನಿ."

"ಫುಟ್‌ಬಾಲ್‌ಗೋಸ್ಕರ ಯಾರಾದ್ರೂ ಮನೆ ಬಿಡ್ತಾರಾ ಅಕ್ಕಾ? ಬೇಕಾದ್ರೆ ಆ ಟಿವೀನೇ ಮಾರಿಬಿಡ್ತೀನಿ."

"ಫುಟ್‌ಬಾಲ್ ಹಾಳಾಗ್ಲಿ. ನಾನು ಹೇಳ್ತಿರೋದು ಮಗು ವಿಷಯ. ಹೆರಿಗೆ ಆಗೋ ತನಕ ನಾನು ಆ ಮನೇಲಿ ಇರೋದು ಬೇಡ." ಅವಳು ರಸ್ತೆಯನ್ನೇ ನೋಡುತ್ತ, "ಹೋದ ಸಲ ಇದ್ದೆನಲ್ಲ," ಅಂದಳು.

ಅಕ್ಕ ಇದ್ದದ್ದು, ಮಗು ಹೋದದ್ದು, ಈ ಎರಡನ್ನೂ ನಾನು ಒಟ್ಟಿಗೆ ಇಟ್ಟು ನೋಡಿದವನೇ ಅಲ್ಲ. ಕನಸಿನಲ್ಲೂ ಅಲ್ಲ. ಹುಚ್ಚಿ, ಏನು ಮಾತಾಡ್ತಿದೀಯ ಅನ್ನಬೇಕು, ಅವಳು ನಿನ್ನ ನಂಬಿಕೊಂಡು ಕೂತಿದ್ದಾಳೆ ಅನ್ನಬೇಕು, ಡಾಕ್ಟರು ಅವತ್ತು ಹೇಳಿದ ಕಾರಣವನ್ನು ನೆನಪಿಸಬೇಕು. ಎಲ್ಲ ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ಒಂದು ಬಸ್ಸು ಬಂದು ನಮ್ಮ ಮುಂದೆ ನಿಂತಿತು. ಇಬ್ಬರು ಇಳಿದರು, ಒಬ್ಬ ಹತ್ತಿದ, ಬಸ್ಸು ಹೊರಟಿತು. ಅಷ್ಟು ಹೊತ್ತೂ ನಾನು ಹೋದ ವರ್ಷ ಆ ದಿನ ಅಕ್ಕ ಎಲ್ಲಿದ್ದಳು, ಯಾವ ಕೋಣೆಯಲ್ಲಿದ್ದಳು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ.

"ಬೇಡ ಅಕ್ಕಾ, ನೀನು ಎಲ್ಲಿಗೂ ಹೋಗಕೂಡದು," ಅಂದೆ ಆಮೇಲೆ. ಜೋರಾಗಿಯೇ ಅಂದೆ.

ಅಕ್ಕ ಈಗ ರಸ್ತೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಚಿಕ್ಕಂದಿನಿಂದ ನೋಡಿದ ಮುಖ, ಅವಳಿಗೆ ಅದರಲ್ಲಿ ಗೊತ್ತಾಗದಿರುವುದು ಏನೂ ಇಲ್ಲ. ಕೋಪಿಸಿಕೊಳ್ಳಲಿಲ್ಲ. ಎದ್ದು ಸ್ವೆಟರಿನ ಹಿಂಭಾಗ ಕೊಡವಿಕೊಂಡಳು.

"ನಡಿ, ಅವಳು ಕಾಯ್ತಿರ್ತಾಳೆ," ಅಂದಳು. ನಾಲ್ಕು ಹೆಜ್ಜೆ ಹೋದ ಮೇಲೆ, ಶಾಲೆಗೆ ಹೊರಟವನಿಗೆ ಬುತ್ತಿ ಮರೆಯಬೇಡ ಅಂತ ಹೇಳುತ್ತಿದ್ದ ಅದೇ ದನಿಯಲ್ಲಿ, "ಸೋಮವಾರ ಬೆಳಿಗ್ಗೆ ನನ್ನ ಸಾಮಾನು ತಂದುಕೊಡೋಕೆ ನಿನಗೆ ಬಿಡುವಾಗುತ್ತಾ ನೋಡು," ಅಂದಳು.