ಮಲಗಿದ ಬುದ್ಧನೂ ನಡೆದ ಅತ್ತೆಯೂ

ನಮ್ಮ ಸೋದರತ್ತೆ ನಡೆಯುವುದನ್ನು ದೂರದಿಂದ ಕಂಡವರಿಗೆ ಅವಳು ಯಾರ ಮೇಲೋ ಜಗಳಕ್ಕೆ ಹೊರಟಿದ್ದಾಳೆಂದೇ ಅನ್ನಿಸುತ್ತಿತ್ತು. ಮುಂದೆ ಚಾಚಿದ ಗದ್ದ, ಹಿಂದಕ್ಕೆ ಬೀಸುವ ಮೊಣಕೈ, ಸೀರೆಯ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು. ಮದುವೆಮನೆಗೂ ಅದೇ, ಸಾವಿನ ಮನೆಗೂ ಅದೇ. ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತಳಾದ ಅವಳನ್ನು ವಿದ್ಯಾರ್ಥಿನಿಯರು ‘ಸೀಟಿ ಟೀಚರ್’ ಎಂದು ಕರೆಯುತ್ತಿದ್ದರು. ಶುಭವಾಗಲಿ ಅಶುಭವಾಗಲಿ, ಯಾವ ಸುದ್ದಿಯನ್ನಾದರೂ ಪೂರ್ತಿ ಕೇಳಿ "ಸರಿ, ಮುಂದೆ?" ಎನ್ನುವುದು ಅವಳ ವಾಡಿಕೆ. ಮಾವ ತೀರಿಕೊಂಡಾಗ ಸಂತಾಪ ಹೇಳಲು ಬಂದ ಮುಖ್ಯೋಪಾಧ್ಯಾಯಿನಿ ಈ ಪ್ರಶ್ನೆಗೆ ತಬ್ಬಿಬ್ಬಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವಳನ್ನು ಲಕ್ವ ಹಾಸಿಗೆಗೆ ಕೆಡವಿತು. ಮಾತು ಬೇಗ ಮರಳಿತು, ಬಲಗಾಲು ಮರಳಲಿಲ್ಲ. ಅವಳ ಮಗ, ನನ್ನ ಭಾವ, ಹೂವಿನಂಥ ಮನಸ್ಸಿನವನು. ಗಾಲಿಕುರ್ಚಿ ತಂದ, ಮಂಚದ ಕಾಲು ತಗ್ಗಿಸಿದ, ಅಮ್ಮನಿಗೆ ಇನ್ನು ವಿಶ್ರಾಂತಿಯೇ ಎಂದು ಮನೆಮಂದಿಗೆಲ್ಲ ಸಾರಿದ. ಅತ್ತೆ ಮಲಗಿದಲ್ಲಿಂದ ಕಾಣುತ್ತಿದ್ದದ್ದು ಗೋಡೆಯ ಕ್ಯಾಲೆಂಡರು. ಅದರಲ್ಲಿ ಯಾವುದೋ ಮಂದಿರದೊಳಗೆ ಅಂಗೈಯ ಮೇಲೆ ತಲೆಯಿಟ್ಟು ಪವಡಿಸಿದ ಮಹಾಬುದ್ಧನ ವಿಗ್ರಹದ ಚಿತ್ರ. ಅದನ್ನೇ ನೋಡಿ ನೋಡಿ ಒಂದು ಬೆಳಿಗ್ಗೆ, ತಾನು ಆ ಮಂದಿರಕ್ಕೆ ಹೋಗಬೇಕೆಂದಳು. ಭಾವ ಹಿಗ್ಗಿದ, ಗಾಲಿಕುರ್ಚಿ ಒಳಗಿನವರೆಗೂ ಹೋಗುತ್ತದಂತೆ ಎಂದ.

"ಮಲಗಿರೋನನ್ನ ನೋಡೋಕೆ ನಾನೂ ಮಲ್ಕೊಂಡೇ ಹೋಗ್ಬೇಕೇನೋ?" ಎಂದಳು ಅತ್ತೆ.

ಅಂದಿನಿಂದ, ಗೋಡೆ ಹಿಡಿದು ಹೆಜ್ಜೆ ಹಾಕುವ ಪಡಸಾಲೆಯೇ ಅವಳ ಆಟದ ಮೈದಾನ. ಬಚ್ಚಲಲ್ಲಿ ಜಾರಿ ಬಿದ್ದು, ತೋಳಿನ ಕಪ್ಪುಗಟ್ಟಿದ ಕಲೆಯನ್ನು ಉದ್ದ ಕೈಯ ರವಿಕೆಯಲ್ಲಿ ಮರೆಸಿದಳು. ಊರುಗೋಲು ಕೈಗೆ ಒಗ್ಗಿದ ಮೇಲೆ ಮೂವರೂ ಹೊರಟೆವು.

ರೈಲುಬೋಗಿಗಿಂತ ಉದ್ದದ ಆ ಸುವರ್ಣವಿಗ್ರಹದ ಶಿರಸ್ಸಿನ ಬಳಿ ಪ್ರವೇಶದ್ವಾರ. ಬಂದವರಲ್ಲಿ ಬಹುಮಂದಿ ಪ್ರಶಾಂತವಾದ ಮುಖದೆದುರು ಫೋಟೋ ತೆಗೆಸಿಕೊಂಡು ಅಲ್ಲಿಂದಲೇ ಮರಳುತ್ತಿದ್ದರು. ಅತ್ತೆ ಮಾತ್ರ ಪಾದದವರೆಗೂ ಹೋಗಿಯೇ ತೀರುತ್ತೇನೆಂದು ಹೊರಟಳು. ಬರಿಗಾಲು, ನುಣುಪುಗಲ್ಲು, ಒಂದು ಹೆಜ್ಜೆ ಇಟ್ಟು ಇನ್ನೊಂದನ್ನು ಎಳೆಯುವ ಕಷ್ಟ. ಬುದ್ಧನ ನಡುವಿನ ನೇರಕ್ಕೆ ಬರುವಾಗ ಕೋಲು ಜಾರಿತು, ಅತ್ತೆ ಕುಸಿದಳು. ಎತ್ತಿ ನಿಲ್ಲಿಸಿದ ಭಾವನ ಕಣ್ಣು ತುಂಬಿತ್ತು.

"ಸಾಕಮ್ಮ. ನನ್ನ ಕೈಲಿ ನೋಡೋಕಾಗಲ್ಲ."

"ಆಗದಿದ್ರೆ ಆ ಕಡೆ ತಿರುಗಿ ನಿಂತ್ಕೋ."

ಅಷ್ಟರಲ್ಲಿ ಕಾವಲುಗಾರ ಮಂದಿರದ ಗಾಲಿಕುರ್ಚಿಯನ್ನು ತಂದು ನಿಲ್ಲಿಸಿದ. ಅತ್ತೆ ಅದನ್ನೊಮ್ಮೆ ದಿಟ್ಟಿಸಿದಳು. ಕೊನೆಗೂ ಸೋತಳೆಂದೇ ನಾನು ಭಾವಿಸಿದೆ. ಅವಳೋ ತನ್ನ ಕೈಚೀಲವನ್ನು ಅದರಲ್ಲಿ ಕೂರಿಸಿ, ಹಿಂದಿನ ಹಿಡಿಗಳನ್ನು ಬಿಗಿಯಾಗಿ ಹಿಡಿದು, ಕುರ್ಚಿಯನ್ನು ತಳ್ಳುತ್ತಾ ನಡೆದೇಬಿಟ್ಟಳು.

ಗೋಡೆಯಂತೆ ನಿಂತ ಆ ಜೋಡಿ ಅಂಗಾಲುಗಳ ಮುಂದೆ ಬೆವರಿಳಿಸುತ್ತಾ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಮಗನಿಗೆ ಮೆಲ್ಲಗೆ ಹೇಳಿದಳು: "ಎಲ್ಲರೂ ಮಲಗಿದಾನೆ ಅಂತಾರೆ. ಈ ಪಾದ ನೋಡು, ಎಷ್ಟು ನಡೆದಿರ್ಬೇಕು."

ಹಿಂದಿರುಗುವಾಗ ಭಾವ, ಅವಳನ್ನು ಹಿಡಿಯಲು ಎಲ್ಲಿ ತಾವಾಗಿಯೇ ಚಾಚಿಬಿಡುತ್ತವೋ ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳಿಗಿಂತ ತುಸು ಹಿಂದೆ ನಡೆದ.

ಇಂಥವರೊಡನೆ ಬಾಳುವುದು ಸುಲಭವಲ್ಲ; ಅವರನ್ನು ಪ್ರೀತಿಸುವವರ ಎದೆ ಸದಾ ಡವಗುಟ್ಟುತ್ತಲೇ ಇರುತ್ತದೆ. ನಮ್ಮ ಸೇವೆ, ಕನಿಕರ, ಕಣ್ಣೀರುಗಳನ್ನೆಲ್ಲ ಅವರು ಬದಿಗೆ ಸರಿಸಿ, ಕೊಡಲು ಅತಿ ಕಷ್ಟವಾದ ಒಂದನ್ನೇ ನಮ್ಮಿಂದ ಬೇಡುತ್ತಾರೆ: ತಾವು ಬೀಳಬಹುದಾದ ದಾರಿಯಲ್ಲಿ ತಮ್ಮನ್ನು ನಡೆಯಗೊಡುವ ಧೈರ್ಯ.