ಬಿಸಿಲಿನ ಮೇಜು

ನಮ್ಮ ಕಡೆ ಮರ್ಯಾದಸ್ಥರಿಗೆ ಒಂದು ನಿಯಮವಿದೆ. ಸ್ವಂತ ಊರಿನಲ್ಲಿ ಕುಡಿಯಬಾರದು. ಚನ್ನಗಿರಿಯವರು ಹೊನ್ನಾಳಿಗೆ ಹೋಗುತ್ತಾರೆ, ಹೊನ್ನಾಳಿಯವರು ನ್ಯಾಮತಿಗೆ, ನ್ಯಾಮತಿಯವರು ಬಸ್ಸು ಹತ್ತಿ ಚನ್ನಗಿರಿಗೆ ಬರುತ್ತಾರೆ. ಹೀಗೆ ಎಲ್ಲ ಊರಿನ ಬಾರುಗಳೂ ತುಂಬಿರುತ್ತವೆ, ಎಲ್ಲ ಊರಿನವರ ಮರ್ಯಾದೆಯೂ ಉಳಿದಿರುತ್ತದೆ.

ನಾನು, ಕೊಟ್ರೇಶ್, ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನು. ಚನ್ನಗಿರಿ ಕೋಟೆಯ ಕೆಳಗಿನ ಬೀದಿಯಲ್ಲಿ ನನ್ನ ಸೀರೆ ಅಂಗಡಿಯಿದೆ. ನಮ್ಮ ಸಮಾಜದ ಕಮಿಟಿಯಲ್ಲಿ ನಾನು ಕಾರ್ಯದರ್ಶಿ. ಬೆಳಗ್ಗೆ ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಭಾನುವಾರ ಮಧ್ಯಾಹ್ನ ಒಂದೇ ಒಂದು ಬಾಟಲಿ ಬಿಯರ್ ಕುಡಿಯುತ್ತೇನೆ, ಉಳಿದ ಆರು ದಿನ ಅದನ್ನು ಯಾರಾದರೂ ಕಂಡಿರಬಹುದೇ ಎಂದು ಹೆದರುತ್ತೇನೆ. ಅಂಗಡಿಗೆ ಬಂದ ಹೆಂಗಸು ಸುಮ್ಮನೆ ನಕ್ಕರೂ ಎದೆ ಝಲ್ಲೆನ್ನುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಜೊತೆಗೆ ಬರುತ್ತಿದ್ದವನು ಇಮಾಮ್‌ಸಾಬ್. ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು, ಈಗ ಶಾಲೆ ಮಕ್ಕಳ ಹಳದಿ ವ್ಯಾನ್ ಓಡಿಸುತ್ತಾನೆ. ಅವನು ಹನಿಯೂ ಮುಟ್ಟುವುದಿಲ್ಲ. ನಿಂಬೆಹಣ್ಣಿನ ಸೋಡಾ, ಎರಡು ಆಮ್ಲೆಟ್, ನನ್ನ ಹರಟೆ, ಇಷ್ಟಕ್ಕೆ ತನ್ನ ಭಾನುವಾರವನ್ನೇ ಕೊಡುತ್ತಿದ್ದ. ನನಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಬರುವುದಿಲ್ಲ. ಹಾಗಾಗಿ ನಮ್ಮ ಸವಾರಿ ಅವನ ಹಳದಿ ವ್ಯಾನಿನಲ್ಲೇ. ಮಕ್ಕಳ ವ್ಯಾನನ್ನು ಬಾರಿನ ಮುಂದೆ ನಿಲ್ಲಿಸಿದರೆ ದೇವರೂ ಕ್ಷಮಿಸುವುದಿಲ್ಲವೆಂದು ಅದನ್ನು ದೂರದ ಯಾವುದಾದರೂ ಗುಡಿಯ ಹತ್ತಿರ ಬಿಟ್ಟು ನಡೆದು ಹೋಗುತ್ತಿದ್ದೆವು. ನೋಡಿದವರು ಭಕ್ತರೆಂದುಕೊಳ್ಳಲಿ ಎಂಬುದು ನನ್ನ ಲೆಕ್ಕಾಚಾರ.

ಅವನದು ಒಂದೇ ಒಂದು ತಕರಾರು. ಬಿಸಿಲು ಬೇಕು. ಲೋಕದಲ್ಲಿ ಬಾರಿಗೆ ಹೋದವರೆಲ್ಲ ಕತ್ತಲ ಮೂಲೆ ಹುಡುಕಿದರೆ, ಇವನು ಬಿಸಿಲು ಬೀಳುವ ಮೇಜು ಹುಡುಕುತ್ತಿದ್ದ. ಹೊನ್ನಾಳಿಯಲ್ಲಿ ಹೊಳೆ ಕಡೆಯ ಗಾರ್ಡನ್ ಬಾರಿನಲ್ಲಿ ಬೇವಿನ ಮರದ ನೆರಳಿತ್ತು, ಅವನಿಗೆ ಆಗಲಿಲ್ಲ. ನ್ಯಾಮತಿಯಲ್ಲಿ ರೈಸ್ ಮಿಲ್ಲಿನ ಹಿಂದೆ ಒಂದು ಗಾರ್ಡನ್ ಇತ್ತು. ಗರಿ ಹೊದಿಸಿದ ಪುಟ್ಟ ಗುಡಿಸಲುಗಳು, ಬಾಗಿಲಿಗೆ ಪರದೆ, ನನ್ನಂಥ ಹೇಡಿಗೆ ಹೇಳಿ ಮಾಡಿಸಿದ ಜಾಗ. ಇವನು ಒಳಗೆ ಕಾಲಿಟ್ಟವನೇ ಕುರ್ಚಿಗೆ ಎಡವಿ, "ಏನೋ ಇದು, ಗೋರಿ ಇದ್ದಂಗೈತೆ, ಹೊರಗೆ ಬಾ" ಎಂದು ನನ್ನ ತೋಳು ಹಿಡಿದು ಅಂಗಳಕ್ಕೆ ತಂದ. ಸಂಜೆ ನಾಲ್ಕಾಯಿತೆಂದರೆ ಎದ್ದು ನಿಲ್ಲುತ್ತಿದ್ದ. ಕೀಲು ನೋವಿಗೆ ಡಾಕ್ಟರು ಬಿಸಿಲು ಕಾಯಿಸಿಕೊ ಅಂದಿದ್ದಾರೆ ಎನ್ನುತ್ತಿದ್ದ, ನಾನು ನಂಬಿದ್ದೆ.

ಹುಡುಕುತ್ತಾ ಹುಡುಕುತ್ತಾ ಕೊನೆಗೆ ಜಗಳೂರು ಸಿಕ್ಕಿತು. ಊರಾಚೆ, ಸೊಕ್ಕೆ ಕಡೆ ಹೋಗುವ ರಸ್ತೆಯಲ್ಲಿ. ಹೆಸರಿಗೆ ಗಾರ್ಡನ್, ಇದ್ದದ್ದು ಡಬ್ಬಿಯಲ್ಲಿ ನೆಟ್ಟ ಎರಡು ಕ್ರೋಟನ್ ಗಿಡ. ಮರ ಒಂದೂ ಇಲ್ಲ. ಪ್ಲಾಸ್ಟಿಕ್ ಮೇಜುಗಳ ಮೇಲೆ ಬಿಸಿಲೋ ಬಿಸಿಲು. ಮಾಗಿಯ ದಿನವಾದ್ದರಿಂದ ಹಿತವಾಗಿಯೇ ಇತ್ತು. ಇಮಾಮ್‌ಸಾಬ್ ಸುತ್ತ ನೋಡಿ, "ಇದು ನೋಡು ಬಾರು" ಎಂದು ಕೂತ.

ಅಂದು ಅವನು ಖುಷಿಯಲ್ಲಿದ್ದ. ಮರುದಿನದಿಂದ ಹತ್ತನೇ ಕ್ಲಾಸಿನವರಿಗೆ ಬೆಳಗಿನ ಸ್ಪೆಷಲ್ ಕ್ಲಾಸ್ ಶುರು. ಅವರನ್ನು ಕರೆದೊಯ್ಯುವ ಕೆಲಸವೂ ಅವನಿಗೇ ಸಿಕ್ಕಿತ್ತು. ನನ್ನ ಮಗಳು ಚೈತ್ರಾ ಕೂಡ ಅದೇ ಕ್ಲಾಸು.

"ಆರು ಗಂಟೆಗೆ ನಿಮ್ಮನೆ ಮುಂದೆ ಹಾರ್ನ್ ಹೊಡೀತೀನಿ. ಹುಡುಗಿನ ರೆಡಿ ಮಾಡಿಸು" ಅಂದ.

"ಆರಕ್ಕೆ ಇನ್ನೂ ಕತ್ತಲಲ್ಲೇನೋ?"

ಅವನು ಸೋಡಾ ಕುಡಿದ.

ಅಷ್ಟರಲ್ಲಿ ಗೇಟಿನಲ್ಲಿ ತಿಪ್ಪೇರುದ್ರಸ್ವಾಮಿ ಕಾಣಿಸಿಕೊಂಡರು. ನಮ್ಮ ಕಮಿಟಿಯ ಅಧ್ಯಕ್ಷರು. ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಹೆಲ್ಮೆಟ್. ಅವರು ಯಾಕೆ ಬಂದರು ಎಂದು ಯೋಚಿಸುವಷ್ಟೂ ಬುದ್ಧಿ ನಿಲ್ಲಲಿಲ್ಲ. ಬಾಟಲಿಯನ್ನು ಮೇಜಿನಡಿಗೆ ತಳ್ಳಿ, ಅಡುಗೆಮನೆಯ ಹಿಂದಿನ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ.

ಅವರು ಗೇಟಿನ ಪಕ್ಕದ ಮೇಜಿನಲ್ಲೇ ಕೂತರು. ಹೊರಗೆ ಹೋಗಲು ಬೇರೆ ದಾರಿ ಇಲ್ಲ. ಕಿಂಡಿಯಿಂದ ಅವರ ಬೋಳುತಲೆ ಕಾಣುತ್ತಿತ್ತು. ಅವರೂ ನನ್ನ ಹಾಗೆಯೇ ಊರು ಬಿಟ್ಟು ಊರಿಗೆ ಬಂದ ಕಳ್ಳರೆಂದು ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಭಯ ಹಿಡಿದವನಿಗೆ ತಾನೊಬ್ಬನೇ ಕಳ್ಳ, ಲೋಕವೆಲ್ಲ ಪೊಲೀಸು.

ಇಮಾಮ್‌ಸಾಬ್ ಮತ್ತೆ ಮತ್ತೆ ಬಂದು ಬಾಗಿಲು ತಟ್ಟಿದ. "ಕೊಟ್ರೇಶಿ, ಹೋಗಣ ಬಾರೋ. ಹೊತ್ತು ಇಳೀತೈತೆ."

"ಅವರು ಹೋದ್ರೇನೋ?"

"ಇನ್ನೊಂದು ತರಿಸ್ಕೊಂಡ್ರು. ಮುಖಕ್ಕೆ ಟವಲ್ ಹಾಕ್ಕೊಂಡು ಬಾ."

"ಸಾಧ್ಯ ಇಲ್ಲ ಮಾರಾಯ."

ಮೂರನೇ ಸಲ ಬಂದಾಗ, "ನಿನ್ ಕಾಲಿಗೆ ಬೀಳ್ತೀನಿ, ಬಾರೋ" ಅಂದ. ಇವನಿಗೇನು ಬಂತು ಎಂದು ನನಗೆ ಸಿಟ್ಟು ಬಂತೇ ಹೊರತು ಬಾಗಿಲು ತೆಗೆಯುವ ಧೈರ್ಯ ಬರಲಿಲ್ಲ. ತಿಪ್ಪೇರುದ್ರಸ್ವಾಮಿ ಬಾಯಿಗೆ ಏಲಕ್ಕಿ ಹಾಕಿಕೊಂಡು ಎದ್ದು ಹೋಗುವಾಗ ಸೂರ್ಯ ಮುಳುಗಿದ್ದ.

ವ್ಯಾನಿನವರೆಗೆ ಇಮಾಮ್‌ಸಾಬ್ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದ. ಸ್ನೇಹವೆಂದುಕೊಂಡೆ. ಕೀಲಿ ಹಾಕಲು ಸ್ಟೇರಿಂಗಿನ ಬುಡವನ್ನೆಲ್ಲ ಬೆರಳಿನಿಂದ ತಡವಿದ. ದಾವಣಗೆರೆ ರಸ್ತೆಗೆ ಬಂದ ಮೇಲೆ ಒಂದು ಲಾರಿಯ ಹಿಂದೆ ಬಿದ್ದ. ಅದರ ಕೆಂಪು ದೀಪಕ್ಕೆ ಮೂಗು ತಾಗುವಷ್ಟು ಹತ್ತಿರ.

"ದೂರ ಇಡೋ, ಬ್ರೇಕ್ ಹಾಕಿದ್ರೆ ಏನ್ ಗತಿ?" ಅಂದೆ.

"ಸುಮ್ನಿರು. ಮಾತಾಡಬ್ಯಾಡ."

ಅವನ ಹಣೆಯಲ್ಲಿ ಬೆವರು. ಆ ಚಳಿಯಲ್ಲಿ. ಎದುರಿನಿಂದ ಬಸ್ಸಿನ ಬೆಳಕು ಬಂದಾಗಲೆಲ್ಲ ಮುಖ ಕಿವುಚಿ ಉಸಿರು ಹಿಡಿಯುತ್ತಿದ್ದ. ಲಾರಿ ಎಡಕ್ಕೆ ತಿರುಗಿತು, ನಾವೂ ತಿರುಗಿದೆವು. ನೋಡಿದರೆ ಅದು ಪೆಟ್ರೋಲ್ ಬಂಕು. ಲಾರಿ ಡೀಸೆಲ್ ಹಾಕಿಸಲು ನಿಂತಿತು, ನಾವು ಅದರ ಬೆನ್ನಿಗೆ ಅಂಟಿಕೊಂಡು ನಿಂತೆವು.

"ಇಲ್ಲಿಗ್ಯಾಕೆ ಬಂದೆ?" ಅಂದೆ.

ಅವನು ಸುತ್ತ ನೋಡಿದ. ಎಲ್ಲಿದ್ದೇವೆಂದು ಅವನಿಗೆ ತಿಳಿದಿರಲಿಲ್ಲ. ನಾನು ಇನ್ನೊಂದು ಮಾತಾಡುವ ಮೊದಲೇ ಅವನು ವ್ಯಾನನ್ನು ಮತ್ತೆ ರಸ್ತೆಗಿಳಿಸಿದ. ಈಗ ಮುಂದೆ ಲಾರಿಯೂ ಇಲ್ಲ. ನಮ್ಮ ದೀಪದ ಬೆಳಕಿನಲ್ಲಿ ಮೆಕ್ಕೆಜೋಳದ ಚೀಲ ಹೇರಿದ ಟ್ರಾಕ್ಟರ್ ಟ್ರೈಲರ್ ಕಾಣಿಸಿತು. ರಸ್ತೆ ಅಂಚಿನಲ್ಲಿ ಕೆಟ್ಟು ನಿಂತಿದೆ. ಹಿಂದೆ ಕಲ್ಲಿಟ್ಟು ಇಬ್ಬರು ಕೂತಿದ್ದಾರೆ. ನನಗೆ ಚೆನ್ನಾಗಿ ಕಾಣುತ್ತಿದೆ. ಇಮಾಮ್‌ಸಾಬ್ ನೇರ ಅದರ ಮೇಲೆಯೇ ಹೋಗುತ್ತಿದ್ದಾನೆ.

ನಾನು ಕಿರುಚಿ ಸ್ಟೇರಿಂಗ್ ಎಳೆದೆ. ವ್ಯಾನು ರಸ್ತೆಯ ಆ ಬದಿಗೆ ಹೋಗಿ, ಜಾಲಿ ಗಿಡಗಳಿಗೆ ಉಜ್ಜಿ ನಿಂತಿತು. ಆ ಇಬ್ಬರು ಎದ್ದು ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನನಗೆ ಆ ಬೈಗುಳ ಕೇಳಿ ಸಮಾಧಾನವಾಯಿತು. ಬದುಕಿದ್ದಾರೆ.

"ಕಾಣಲಿಲ್ಲೇನೋ ನಿಂಗೆ?"

ಅವನು ಸ್ಟೇರಿಂಗ್ ಮೇಲೆ ತಲೆಯಿಟ್ಟ. "ಹೊತ್ತು ಮುಳುಗಿದ್ರೆ ಏನೂ ಕಾಣಲ್ಲ ಕೊಟ್ರೇಶಿ. ದೀಪ ಮಾತ್ರ ಕಾಣ್ತಾವೆ. ಬಿಸಿಲಿದ್ರೆ ಎಲ್ಲಾ ಸರಿ. ಎರಡು ವರ್ಷ ಆತು. ಶಿವಮೊಗ್ಗದಾಗೆ ತೋರಿಸ್ದೆ. ಇದಕ್ಕೆ ಮದ್ದಿಲ್ಲ, ಹೆಚ್ಚಾಗ್ತಾ ಹೋಗ್ತೈತೆ ಅಂದ್ರು."

ಹೊನ್ನಾಳಿಯ ನೆರಳು, ನ್ಯಾಮತಿಯ ಗುಡಿಸಲು, ನಾಲ್ಕು ಗಂಟೆಯ ಅವಸರ, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ಮರ್ಯಾದೆ ಉಳಿಸಿಕೊಳ್ಳಲು ಬಚ್ಚಲಲ್ಲಿ ಕೂತಿದ್ದೆ. ಹೊರಗೆ ಇವನು ಬೆಳಕು ಇಳಿಯುವುದನ್ನು ನೋಡುತ್ತ ನಿಂತಿದ್ದ.

"ಮನೇಲಿ ಹೆಂಡ್ತಿಗಾದ್ರೂ ಗೊತ್ತೇನೋ?"

"ಹಜೀರಾಗೂ ಗೊತ್ತಿಲ್ಲ. ಈ ಗಾಡಿ ಬಿಟ್ರೆ ನಂಗೆ ಬೇರೆ ಏನ್ ಮಾಡಾಕೆ ಬರ್ತೈತೆ ಹೇಳು?"

ನಾನು ಬಂಕಿನವರೆಗೆ ಹಿಂದಕ್ಕೆ ನಡೆದೆ. ಅದರ ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಡ್ರೈವಿಂಗ್ ಬರುತ್ತಿತ್ತು. ಇವನ ಕಾಲು ಉಳುಕಿದೆ ಎಂದು ಸುಳ್ಳು ಹೇಳಿ ಅವನನ್ನು ಒಪ್ಪಿಸಿದೆ. ತ್ಯಾವಣಿಗೆ, ಕೆರೆಬಿಳಚಿ ದಾಟಿ ಊರು ಸೇರುವವರೆಗೂ ನಾವಿಬ್ಬರೂ ಹಿಂದಿನ ಸೀಟಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ, ಮಂಡಿ ಮಡಚಿ ಕೂತಿದ್ದೆವು. ನಮ್ಮ ಬೀದಿಯಲ್ಲಿ ಇಳಿಯುವಾಗ ಕೇಳಿದೆ. "ನಾಳೆ ಬೆಳಗ್ಗೆ?"

"ಊರೊಳಗಿನ ದಾರಿ. ಕಣ್ಣು ಮುಚ್ಕೊಂಡು ಓಡಿಸ್ತೀನಿ."

"ಇಮಾಮ್ಯಾ, ಬ್ಯಾಡ ಕಣೋ."

"ನೀನು ಬಾಯಿ ಬಿಡಬ್ಯಾಡ, ಅಷ್ಟೇ. ನಿನ್ ವಿಷಯ ನಾನು ಯಾರ ಹತ್ರನಾದ್ರೂ ಬಿಟ್ಟಿದ್ದೀನೇನು?" ಅಂದ. ಬೆದರಿಕೆಯಲ್ಲ, ಅವನಿಗೆ ಅದು ಬರುವುದಿಲ್ಲ. ಆದರೂ ನನ್ನ ಬಾಯಿ ಕಟ್ಟಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೊಂದು ಉಪಾಯ ಹೊಳೆಯಿತು, ಹೇಡಿಗಳಿಗೆ ಉಪಾಯಕ್ಕೇನು ಬರ? ಚೈತ್ರಾಳನ್ನು ನಾನೇ ಸ್ಕೂಟರಿನಲ್ಲಿ ಬಿಟ್ಟುಬರುವುದು. ನನ್ನ ಮಗಳು ಕ್ಷೇಮ, ಅವನ ಕೆಲಸ ಕ್ಷೇಮ, ನನ್ನ ವಿಭೂತಿಯೂ ಕ್ಷೇಮ.

ಬೆಳಗ್ಗೆ ಎದ್ದು ನೋಡಿದರೆ ಕತ್ತಲು, ಅದರ ಮೇಲೆ ಮಂಜು ಬೇರೆ. ಕೋಟೆ ಇದ್ದ ಕಡೆ ಏನೂ ಇರಲಿಲ್ಲ. ಬೀದಿ ದೀಪದ ಸುತ್ತ ಮಾತ್ರ ಒಂದಿಷ್ಟು ಬಿಳುಪು. ಚೈತ್ರಾ ಸ್ಕೂಟರಿನ ಹಿಂದೆ ಕೂತು, "ಅಪ್ಪಾ, ವ್ಯಾನ್ ಬರ್ತೈತಲ್ಲ" ಎಂದು ಗೊಣಗುತ್ತಿದ್ದಳು. ಹಾರ್ನ್ ಕೇಳಿಸಿತು. ಹಳದಿ ವ್ಯಾನು ಚರಂಡಿ ಕಲ್ಲಿಗೆ ಗಾಲಿ ಸವರಿಕೊಂಡು ಬಂದು ನಿಂತಿತು. ಒಳಗೆ ಆಗಲೇ ಆರೇಳು ಮಕ್ಕಳಿದ್ದರು. ಒಬ್ಬಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಎದುರು ಮನೆಯ ಕರಿಬಸಮ್ಮ ಮೊಮ್ಮಗನ ಮಫ್ಲರ್ ಸರಿಮಾಡಿ, ಅವನ ಕೈ ಹಿಡಿದು ವ್ಯಾನಿಗೆ ಹತ್ತಿಸುತ್ತಿದ್ದಳು.

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಹೋಗಿಬಿಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆ ಟ್ರಾಕ್ಟರಿನ ಹಿಂದೆ ಕೂತಿದ್ದ ಇಬ್ಬರು ಕಣ್ಣ ಮುಂದೆ ಬಂದರು. ಸ್ಕೂಟರ್ ನಿಲ್ಲಿಸಿ ಇಳಿದು ವ್ಯಾನಿನ ಎದುರು ಹೋಗಿ ನಿಂತೆ.

"ಕರಿಬಸಮ್ಮ, ಹುಡುಗನ್ನ ಇಳಿಸ್ರಿ. ಎಲ್ಲಾರೂ ಇಳೀರಿ. ಇವನಿಗೆ ಕಣ್ಣು ಕಾಣಲ್ಲ."

"ಏನ್ ಹೇಳಾಕೆ ಹತ್ತೀರಿ ನೀವು?" ಕರಿಬಸಮ್ಮ ಅಂದಳು. "ದಿನಾ ಓಡಿಸ್ತಾನಲ್ಲ."

"ಬಿಸಿಲಾಗೆ ಕಾಣ್ತೈತೆ. ಕತ್ತಲಾಗೆ ಕಾಣಲ್ಲ. ನಿನ್ನೆ ಸಂಜೆ ಜೊತೆಗಿದ್ದೆ, ನನ್ ಕಣ್ಣಾರೆ ನೋಡಿದೀನಿ."

ನನ್ನ ಹೆಂಡತಿ ಪ್ರೇಮಮ್ಮ ಬಾಗಿಲಿಗೆ ಬಂದಿದ್ದಳು. "ನಿನ್ನೆ ನೀವು ಹೊಸದುರ್ಗದ ಮದುವೆಗೆ ಅಲ್ಲೇನ್ರೀ ಹೋಗಿದ್ದು?"

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಹಾಲಿನವನು ಸೈಕಲ್ ನಿಲ್ಲಿಸಿದ. ನಾನು ಇಷ್ಟು ವರ್ಷ ಹೆದರಿದ್ದ ಮುಖಗಳೆಲ್ಲ ಒಂದೇ ಕಡೆ ಸೇರಿದ್ದವು.

"ಮದುವೆ ಇಲ್ಲ, ಏನಿಲ್ಲ. ಜಗಳೂರಿನ ಬಾರಲ್ಲಿದ್ದೆ. ಬಿಯರ್ ಕುಡಿಯಾಕೆ ಹೋಗಿದ್ದೆ. ಪ್ರತಿ ಭಾನುವಾರನೂ ಹೋಗ್ತೀನಿ. ಇವನು ಕುಡಿಯಲ್ಲ, ನನ್ ಸಲುವಾಗಿ ಬರ್ತಾನೆ. ನಿನ್ನೆ ನನ್ನಿಂದಲೇ ತಡ ಆತು, ಬರೋವಾಗ ಇಬ್ಬರನ್ನ ಕೊಂದೇ ಬಿಡ್ತಿದ್ವಿ."

ಕರಿಬಸಮ್ಮ ಮೊಮ್ಮಗನನ್ನು ಇಳಿಸಿಕೊಂಡು ಎದೆಗೊತ್ತಿಕೊಂಡಳು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಇಳಿದರು. ಪ್ರೇಮಮ್ಮ ನನ್ನ ಕಡೆ ನೋಡಲಿಲ್ಲ, ಚೈತ್ರಾಳ ಕೈ ಹಿಡಿದು ಒಳಗೆ ಹೋದಳು.

ಇಂಜಿನ್ ನಿಂತಿತು. ಇಮಾಮ್‌ಸಾಬ್ ಬಾಗಿಲು ತೆಗೆದು ಇಳಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಅಂತಲೂ ಅನಿಸಿತು. ಅವನು ಕೈ ಚಾಚಿದ. ಕೈ ನನ್ನ ಕಿವಿಯ ಪಕ್ಕದಿಂದ ಗಾಳಿಗೆ ಹೋಯಿತು. ಮತ್ತೆ ಚಾಚಿ ನನ್ನ ಹೆಗಲು ಹುಡುಕಿಕೊಂಡ.

"ಮನೆ ತನಕ ಬಿಡು" ಅಂದ.

ನಡೆದೆವು. ನಾಲ್ಕು ಹೆಜ್ಜೆ ಹೋದ ಮೇಲೆ ಕೇಳಿದ. "ಎಲ್ಲಾರೂ ನೋಡ್ತಾ ಇದ್ದಾರೇನೋ?"

"ಇಡೀ ಬೀದಿ ನೋಡ್ತಾ ಐತೆ."

"ನಂಗೆ ಯಾರೂ ಕಾಣ್ತಿಲ್ಲ" ಅಂದ ಇಮಾಮ್‌ಸಾಬ್. "ನಡಿ."